ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆ

ಭೂಗೋಳ ಓದಿದವರಿಗೆ ಮೀನುಗಾರಿಕೆಯಲ್ಲಿ ಏನು ಕೆಲಸ, ಅದರಲ್ಲೂ ಕೇರಳದಲ್ಲಿದ್ದುಕೊಂಡು ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲೇ ಬರೆದಿಡುವ ಹಟ ಏಕೆ ಎಂದು ನೀನು ಬೆಂಗಳೂರಿನಿಂದ ಕೇಳಿದ್ದೀಯೆ. ನಗುತ್ತಲೇ ಕೇಳಿದೆಯೆಂದು ನಿನ್ನ ಮಾತಿನಲ್ಲೇ ತಿಳಿಯುತ್ತದೆ. ಆದರೂ ಇದು ನನ್ನ ಮುಂದಿನ ಬದುಕಿನ ವಿಷಯವಾದ್ದರಿಂದ ಸಾವಕಾಶವಾಗಿ ಉತ್ತರಿಸುತ್ತೇನೆ.

ಮೊದಲನೆಯ ಪ್ರಶ್ನೆಗೆ ನಮ್ಮ ಹೊಳೆಗಳೇ ಉತ್ತರ ಕೊಡುತ್ತವೆ. ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲಿವೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದುಬರುವಾಗ ಪಯಸ್ವಿನಿ ಎನಿಸಿಕೊಂಡು, ಸುಮಾರು 105 ಕಿಲೋಮೀಟರ್ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅದರ ಕೆಂಪು ನೀರು ಕಡಲಿನೊಳಗೆ ನುಗ್ಗಿದರೆ, ಮಾರ್ಚ್ ಕಳೆದು ಹರಿವು ಸೊರಗಿದ ಮೇಲೆ ಉಬ್ಬರದ ಜೊತೆಗೆ ಕಡಲೇ ಹೊಳೆಯೊಳಗೆ ಏರಿಬರುತ್ತದೆ. ಕಾಸರಗೋಡು ಪಟ್ಟಣಕ್ಕೆ ಕುಡಿಯುವ ನೀರನ್ನು ಎತ್ತುವ ಬಾವಿಕ್ಕೆರೆಯಲ್ಲಿ ವರ್ಷಗಟ್ಟಲೆ ಬೇಸಿಗೆಗೊಮ್ಮೆ ಮರಳಿನ ಚೀಲಗಳ ತಾತ್ಕಾಲಿಕ ಕಟ್ಟ ಹಾಕುತ್ತಿದ್ದರು, ಅದು ನಿಲ್ಲದೆ ಹೋದಾಗ ಪಟ್ಟಣದ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿತ್ತು. ಶಾಶ್ವತ ಅಣೆಕಟ್ಟು ಬಂದದ್ದು ಈಚೆಗೆ. ಪಟ್ಟಣದವರಿಗೆ ಸಂಕಟವಾಗಿದ್ದ ಅದೇ ಉಪ್ಪು ಜಿಲ್ಲೆಯ ದಕ್ಷಿಣ ಅಂಚಿನ ಪಡನ್ನದಲ್ಲಿ ಅನ್ನ ಕೊಡುತ್ತದೆ. ಅಲ್ಲಿನ ಹೆಂಗಸರ ಸ್ವಸಹಾಯ ಗುಂಪುಗಳು ಮಳೆ ನಿಂತು ನೀರು ಉಪ್ಪಾದ ಮೇಲೆ ಹಗ್ಗಗಳಿಗೆ ಪಚ್ಚಿಲೆ ಎಂಬ, ತಿನ್ನುವ ಚಿಪ್ಪುಜೀವಿಯ ಮರಿಗಳನ್ನು ಕಟ್ಟಿ ಇಳಿಬಿಟ್ಟು, ಮುಂದಿನ ಮಳೆ ಸುರಿದು ನೀರು ಸಿಹಿಯಾಗುವ ಮೊದಲೇ ಕೊಯ್ದು ಮುಗಿಸುತ್ತವೆ, ಏಕೆಂದರೆ ಸಿಹಿನೀರಿನಲ್ಲಿ ಪಚ್ಚಿಲೆ ಉಳಿಯುವುದಿಲ್ಲ. ಯಾವ ತಿಂಗಳು ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂದು ನಕ್ಷೆಯ ಮೇಲೆ ಗುರುತಿಸಬಲ್ಲವರು ಈ ಎರಡೂ ಕಡೆಗೆ ಬೇಕು. ನಾನು ಕಲಿಯುತ್ತಿರುವ ಭೂಗೋಳ ಅದು.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ, ಏಕೆಂದರೆ ನನ್ನ ದಿನದ ಹೋರಾಟವೆಲ್ಲ ಅಲ್ಲೇ ಇದೆ. ಮಲಯಾಳಂ ನನಗೆ ಬರುತ್ತದೆ, ಅದನ್ನು ಪ್ರೀತಿಯಿಂದಲೇ ಕಲಿತಿದ್ದೇನೆ. ಮನೆಯಲ್ಲಿ ಕನ್ನಡ, ಮೀನಿನ ಮಾರುಕಟ್ಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳಂ ಎಂಬ ಬಾಳು ಇಲ್ಲಿ ಯಾರಿಗೂ ಹೊಸತಲ್ಲ. ಬೂತಾಯಿ ಎಂದರೆ ಮತ್ತಿ, ಬಂಗುಡೆ ಎಂದರೆ ಅಯಿಲ, ಅಂಜಲ್ ಎಂದರೆ ಅಯಕೂರ ಎಂದು ನಮ್ಮ ಮಕ್ಕಳೂ ಹೇಳುತ್ತಾರೆ. ಕೊಚ್ಚಿಯ ಕಡೆಗೆ ಹೋದರೆ ಅದೇ ಮತ್ತಿ ಚಾಳ, ಅದೇ ಅಯಕೂರ ನೆಯ್‌ಮೀನು. ಮೀನು ಕಣ್ಣೆದುರಿಗೇ ಇರುವುದರಿಂದ ಹೆಸರು ತಪ್ಪಿದರೂ ಬುಟ್ಟಿಯತ್ತ ಬೆರಳು ತೋರಿಸಿದರೆ ಸಾಕು.

ನೀರಿನ ಮಾತುಗಳಿಗೆ ಹಾಗೆ ಬೆರಳು ತೋರಿಸಲಾಗುವುದಿಲ್ಲ. ನಾನು ಕನ್ನಡದಲ್ಲಿ ಬರೆಯುವ ಅವಕಾಶ ಪಡೆದು ಕುಳಿತ ಒಂದು ಪರೀಕ್ಷೆಯಲ್ಲಿ, ಬೇಸಿಗೆಯಲ್ಲಿ ‘ಹಿನ್ನೀರಿನ’ ಲವಣಾಂಶ ಹೆಚ್ಚುವುದಕ್ಕೆ ಕಾರಣವೇನು ಎಂಬ ಪ್ರಶ್ನೆ ಇತ್ತು. ಹಿನ್ನೀರು ಎಂದೊಡನೆ ನಿನ್ನ ಕಣ್ಣಿಗೆ ಬರುವುದು ಶರಾವತಿಯ ಹಿನ್ನೀರು ತಾನೆ? ಅಣೆಕಟ್ಟಿನ ಹಿಂದೆ ನಿಂತ, ಕಡಲಿನ ಸೋಂಕಿಲ್ಲದ ಸಿಹಿನೀರು. ನನಗೂ ಅದೇ ಬಂತು. ಆವಿಯಾಗುವಿಕೆ, ಹೂಳು, ಗದ್ದೆಗಳಿಂದ ಇಳಿದುಬರುವ ರಸಗೊಬ್ಬರ ಎಂದು ಒಂದು ಪುಟ ತುಂಬಿಸಿದೆ. ಹೊರಗೆ ಬಂದು ಮಲಯಾಳಂ ಪ್ರಶ್ನೆಪತ್ರಿಕೆಯನ್ನು ನೋಡಿದಾಗ ಅಲ್ಲಿ ‘ಕಾಯಲ್’ ಎಂದಿತ್ತು. ಕಾಯಲ್ ಎಂದರೆ ಕಡಲಿಗೆ ಬಾಯಿ ತೆರೆದುಕೊಂಡು ಕರಾವಳಿಯ ಉದ್ದಕ್ಕೆ ಮಲಗಿರುವ ನೀರು, ಪಡನ್ನದವರು ಪಚ್ಚಿಲೆ ಬೆಳೆಸುವ ಕವ್ವಾಯಿ ಕಾಯಲಿನಂಥದ್ದು. ಹುಟ್ಟಿದಂದಿನಿಂದ ನಾನು ನೋಡಿದ ಸಂಗತಿಯ ಬಗ್ಗೆ, ನನ್ನದೇ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ನಾನು ತಪ್ಪು ಬರೆದು ಬಂದಿದ್ದೆ. ಆ ದಿನದ ನೋವು ಇನ್ನೂ ಆರಿಲ್ಲ. ನಿಘಂಟು ನೋಡಿ ಅನುವಾದಿಸಿದವರ ಮೇಲೆ ನನಗೆ ಕೋಪವಿಲ್ಲ, ಆದರೆ ಹೊಳೆಯ ದಡದಲ್ಲಿ ಬೆಳೆದ ಒಬ್ಬರಿಗಾದರೂ ಅದನ್ನು ಓದಲು ಕೊಡಬಹುದಿತ್ತು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಹಕ್ಕು ಪುಸ್ತಕದಲ್ಲಿದ್ದರೂ ಅದನ್ನು ಚಲಾಯಿಸುವಷ್ಟು ಮಾತುಗಳು ಕಡತದಲ್ಲಿರಬೇಕಲ್ಲ.

ಹಾಗಾದರೆ ಕರ್ನಾಟಕಕ್ಕೇ ಬಂದುಬಿಡು ಎಂದು ನೀನು ಹೇಳಬಹುದು. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ನಮಗೆ ಹತ್ತಿರವೂ ಹೌದು. ಅಂಥ ವೃತ್ತಿಪರ ಸೀಟುಗಳಿಗೆ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಿದವರು ತಮಗೆ ಕನ್ನಡ ಬರುತ್ತದೆಂದು ಬೇರೆಯೇ ಪರೀಕ್ಷೆ ಬರೆದು ತೋರಿಸಬೇಕು. ನಿಯಮಕ್ಕೆ ಕಾರಣವಿದೆ ಎಂದು ಬಲ್ಲೆ, ಆದರೂ ಮಂಜೇಶ್ವರದ ಹುಡುಗಿಯೊಬ್ಬಳು ಆ ಪರೀಕ್ಷೆಗೆ ಕುಳಿತಾಗ ಅವಳ ಎದೆಯಲ್ಲಿ ಏನಾಗುತ್ತದೆ ಎಂದು ಯೋಚಿಸು. 1956ರ ನವೆಂಬರ್ 1ರಂದು ಎರಡು ರಾಜ್ಯಗಳ ನಡುವೆ ಗೆರೆ ಎಳೆದಾಗ ನಮ್ಮ ಮನೆ ಕದಲಲಿಲ್ಲ, ಮಾತೂ ಬದಲಾಗಲಿಲ್ಲ.

ಆ ಗೆರೆ ಕಡಲಿಗೂ ಇಳಿಯುತ್ತದೆ. ಮಳೆಗಾಲದ ಟ್ರಾಲಿಂಗ್ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನವಾದರೆ, ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಆರಂಭವಾಗಿ 52 ದಿನ. ಗಡಿಯಲ್ಲಿರುವ ತಲಪಾಡಿಯ ಆಚೆಗಿನ ದೋಣಿ ದಡದಲ್ಲಿ ಕಟ್ಟಿಕೊಂಡಿರುವಾಗ ಈಚೆಗಿನದು ಬಲೆ ಎಳೆಯುತ್ತಿರುತ್ತದೆ. ಮೊಟ್ಟೆ ತುಂಬಿದ ಬಂಗುಡೆ ಗಡಿ ನೋಡಿ ಈಜುವುದಿಲ್ಲ. ಎರಡೂ ಕಡೆಯ ಮೀನುಗಾರರ ಜೊತೆ ಅವರವರ ಮಾತಿನಲ್ಲೇ ಕುಳಿತು ಮಾತಾಡಬಲ್ಲವರು ನಮ್ಮಂಥ ಊರುಗಳಲ್ಲಿ ಸಿಗುತ್ತಾರೆ, ನಾನು ಈ ಕೆಲಸ ಹಿಡಿಯಬೇಕೆಂದಿರುವುದು ಅದಕ್ಕಾಗಿಯೇ.

ಆ ಪರೀಕ್ಷೆಯ ಮರುದಿನ ಒಂದು ಪುಸ್ತಕ ತೆರೆದೆ. ಪ್ರತಿ ಪುಟದಲ್ಲೂ ಕನ್ನಡ, ತುಳು, ಮಲಯಾಳಂ ಎಂದು ಮೂರು ಕಾಲಂ. ಅಳಿವೆಯ ಎದುರು ಅಳಿಮುಖಂ, ಹೊಳೆಯ ಎದುರು ಪುಳ. ಗುಡ್ಡದ ಇಳಿಜಾರಿನಲ್ಲಿ ಮಳೆನೀರು ತಂಗುವ ಮದಕಕ್ಕೂ, ಮಳೆ ನಿಂತ ಮೇಲೆ ಊರವರು ಸೇರಿ ಹೊಳೆಗೆ ಕಲ್ಲು ಮಣ್ಣುಗಳಿಂದ ಹಾಕುವ ಕಟ್ಟಕ್ಕೂ, ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಕ್ಕೂ ಒಂದೊಂದು ಪುಟವಿದೆ. ಕಾಯಲಿನ ಎದುರು ಕನ್ನಡದ ಜಾಗದಲ್ಲಿ ಮೊದಲು ‘ಹಿನ್ನೀರು’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ಕಾಯಲು’ ಎಂದೇ ಬರೆದುಕೊಂಡಿದ್ದೇನೆ.