ಮಿಲೆಯ ‘ಹಕ್ಕಲಾಯುವವರು’ ಪ್ರತಿ ಮಾಡುವಾಗ

ಫ್ರೆಂಚ್ ಚಿತ್ರಕಾರ ಮಿಲೆಯ ‘ಹಕ್ಕಲಾಯುವವರು’ (The Gleaners) ಚಿತ್ರದ ಪ್ರತಿ ಮಾಡುತ್ತಿದ್ದೀರಿ. ಮುಂಬೈ ಬಳಿಯ ಡೊಂಬಿವಲಿಯ ಮಳೆಗಾಲದಲ್ಲಿ ತೈಲವರ್ಣ ಒಣಗುತ್ತಿಲ್ಲ, ಚಿತ್ರದ ಮೂವರು ಹೆಂಗಸರೂ ಚಪ್ಪಟೆಯಾಗಿ ಕಾಣುತ್ತಾರೆ ಎಂದಿದ್ದೀರಿ. ದೊಡ್ಡ ತೊಂದರೆ ಎರಡನೆಯದೇ.

1857ರ ಈ ಚಿತ್ರದಲ್ಲಿ ಮಿಲೆ ಬೆಳಕನ್ನೆಲ್ಲ ಹಿಂದಿನ ಬಣವೆ, ಗಾಡಿಗಳ ಮೇಲೆ ಸುರಿದು, ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯುವ ಬಡವರನ್ನು ಮುಂದಿನ ಮಬ್ಬಿನಲ್ಲಿ ಇಟ್ಟ. ಎರಡು ಕಡೆಗೂ ಒಂದೇ ಹಳದಿ ಬಳಿದರೆ ಆ ಅಂತರವೇ ಸತ್ತುಹೋಗುತ್ತದೆ. ಹಿಂಭಾಗ ತಿಳಿಯಾಗಿ, ಅಂಚುಗಳು ಮೆತ್ತಗೆ. ಮುಂದೆ ಗಾಢವಾಗಿ, ಅಂಚು ಖಚಿತವಾಗಿ ಇರಲಿ. ಮುಖ ತಿದ್ದುತ್ತ ಕೂರಬೇಡಿ, ಬಾಗಿದ ಬೆನ್ನಿನ ತೂಕ ಬಂದರೆ ಸಾಕು. ಬಲಗಡೆ ದೂರದಲ್ಲಿ ಕುದುರೆ ಏರಿದ ಮೇಲ್ವಿಚಾರಕನನ್ನು ಮಾತ್ರ ಬಿಡಬೇಡಿ. ಚಿಕ್ಕವನಾದರೂ ಯಜಮಾನಿಕೆಯೆಲ್ಲ ಅವನಲ್ಲೇ ಇದೆ! ಮೂಲದ ಅಳತೆ ಸುಮಾರು 84×112 ಸೆಂ.ಮೀ., ಹಾಗಾಗಿ ಅದೇ 3:4 ಅನುಪಾತದ 18×24 ಇಂಚಿನ ಕ್ಯಾನ್ವಾಸ್ ಸರಿಹೊಂದುತ್ತದೆ.

ಇನ್ನು ಒಣಗುವ ವಿಷಯ. ತೈಲವರ್ಣದಲ್ಲಿರುವ ಲಿನ್ಸೀಡ್ (ಅಗಸೆ) ಎಣ್ಣೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಕ್ಯಾನ್ವಾಸನ್ನು ಕಪಾಟಿನಲ್ಲಿ ಮುಚ್ಚಿಡಬೇಡಿ. ಮೊದಲ ಪದರಕ್ಕೆ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ, ಅದನ್ನು ತೆಳುವಾಗಿಸುವ ಟರ್ಪೆಂಟೈನ್ ಮಾತ್ರ. ಅಂಬರ್ ಬೇಗ ಒಣಗುತ್ತದೆ. ಎರಡನೆಯದಕ್ಕೆ ಒಂದು ಪಾಲು ಎಣ್ಣೆ, ಎರಡು ಪಾಲು ಟರ್ಪೆಂಟೈನ್. ಕೊನೆಗೆ ಸಮಪಾಲು. ಮೇಲೆ ಹೋದಂತೆ ಎಣ್ಣೆ ಹೆಚ್ಚುವ ಈ ಕ್ರಮ ತಲೆಕೆಳಗಾದರೆ ಮೇಲಿನ ಪದರ ಬಿರಿಯುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಒಣಗುವುದು ತೀರಾ ನಿಧಾನ, ಅದನ್ನು ತಳಕ್ಕೆ ಹಾಕಬೇಡಿ. ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಿರಿ.