ನಿಮ್ಮ ತಂದೆಯವರ ಹೆಪಟೈಟಿಸ್ ಸಿ ಮಾತ್ರೆಗಳ ಬಗ್ಗೆ

ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವೈರಸ್ ಸೋಂಕಿನ ಚಿಕಿತ್ಸೆ ರಾಜಾಜಿನಗರದಲ್ಲಿರುವ ನಿಮ್ಮ ತಂದೆಯವರನ್ನು ಹಾಸಿಗೆ ಹಿಡಿಸುತ್ತದೆಯೇ ಎಂದು ಕೇಳಿದ್ದೀರಿ. ಆ ಹೆದರಿಕೆ ಹಳೆಯ ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದ್ದು. ಜ್ವರ, ಖಿನ್ನತೆ ಎಲ್ಲ ಅದರದ್ದೇ. ಈಗಿನ ಸೊಫೊಸ್‌ಬುವಿರ್-ವೆಲ್ಪಟಾಸ್ವಿರ್ ದಿನಕ್ಕೊಂದು ಮಾತ್ರೆ, ಸಾಮಾನ್ಯವಾಗಿ 12 ವಾರ. ನೂರರಲ್ಲಿ ಸುಮಾರು 95 ಮಂದಿಗೆ ರೋಗ ವಾಸಿಯಾಗುತ್ತದೆ. ತಲೆನೋವು, ಸುಸ್ತು, ವಾಕರಿಕೆ ಬರಬಹುದು. ಹೆಚ್ಚಿನವರಿಗೆ ಸೌಮ್ಯವಾಗಿಯೇ ಇರುತ್ತವೆ.

ನನಗೆ ಚಿಂತೆಯಿರುವುದು ಅವರು ನುಂಗುವ ಬೇರೆ ಮಾತ್ರೆಗಳ ಬಗ್ಗೆ. ಗ್ಯಾಸ್ಟ್ರಿಕ್‌ಗೆಂದು ಬೆಳಿಗ್ಗೆ ತೆಗೆದುಕೊಳ್ಳುವ ಪ್ಯಾಂಟೊಪ್ರಜೋಲ್ ಕೂಡ ವೆಲ್ಪಟಾಸ್ವಿರ್ ಮೈಗೆ ಹತ್ತದಂತೆ ಮಾಡಬಲ್ಲದು. ಹೃದಯಬಡಿತದ ಏರುಪೇರಿಗೆ ಅಮಿಯೊಡರೋನ್ ಕೊಟ್ಟಿದ್ದರೆ, ಈ ಮಾತ್ರೆಯ ಜೊತೆ ಸೇರಿ ನಾಡಿಬಡಿತ ಅಪಾಯಕಾರಿಯಾಗಿ ಇಳಿಯಬಹುದು. ದಯವಿಟ್ಟು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಮೊದಲೇ ಆಗಲಿ. ಆ ವೈರಸ್ ಮೈಯೊಳಗೆ ಅಡಗಿದ್ದರೆ ಈ ಚಿಕಿತ್ಸೆಯಿಂದ ಕೆರಳಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧ ಉಚಿತ.