ಲಿಬರೇಟರ್ ಬಾಂಬರ್‌ನ ‘ಜೆ’ ಮಾದರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕೋಲಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಊರಿನ ಹತ್ತಿರ ನಾಲ್ಕು ಎಂಜಿನ್‌ನ ದೊಡ್ಡ ವಿಮಾನಗಳು ಇಳಿಯುತ್ತಿದ್ದವು ಅಂತ ಅಜ್ಜಿ ಹೇಳುತ್ತಿದ್ದರು. ಅವು ಲಿಬರೇಟರ್ ಅಂತ ಈಗ ಗೊತ್ತಾಯಿತು. ಆದರೆ ಒಂದು ಕಡೆ ಬಿ-24ಡಿ ಅಂತ ಬರೆದಿರುತ್ತಾರೆ, ಇನ್ನೊಂದು ಕಡೆ ಬಿ-24ಎಚ್, ಬಿ-24ಜೆ ಅಂತ. ಒಂದೇ ವಿಮಾನಕ್ಕೆ ಇಷ್ಟೊಂದು ಅಕ್ಷರ ಯಾಕೆ? ಇವುಗಳಲ್ಲಿ ಜೆ ಎಲ್ಲಕ್ಕಿಂತ ಒಳ್ಳೆಯದಾ?

ನಿಮ್ಮ ಅಜ್ಜಿ ಹೇಳಿದ್ದು ನಿಜ. ಲಿಬರೇಟರ್ ಹಾರಿಸಲು ಕಲಿಸುತ್ತಿದ್ದ ಬ್ರಿಟಿಷ್ ವಾಯುಪಡೆಯ ಒಂದು ಘಟಕ ಕೋಲಾರದಲ್ಲಿತ್ತು. 1944ರ ನವೆಂಬರ್‌ನಲ್ಲಿ ಆ ಘಟಕದಿಂದಲೇ 358ನೇ ಸ್ಕ್ವಾಡ್ರನ್ ಹುಟ್ಟಿತು. ಅದು ಆಮೇಲೆ ಬಂಗಾಳಕ್ಕೆ ಹೋಯಿತು. ಅಲ್ಲಿಂದ ಆಗ್ನೇಯ ಏಷ್ಯಾದ ಕಾಡುಗಳಿಗೆ ಜನರನ್ನೂ ಸಾಮಾನುಗಳನ್ನೂ ಪ್ಯಾರಾಚೂಟ್‌ನಲ್ಲಿ ಇಳಿಸುವ ಗುಟ್ಟಿನ ಕೆಲಸ ಮಾಡಿತು.

ಈಗ ಅಕ್ಷರಗಳ ವಿಷಯ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1939ರ ಆರಂಭದಲ್ಲಿ ಅಮೆರಿಕದ ಸೇನೆಯವರು ಸ್ಯಾನ್ ಡಿಯಾಗೋದ ಕನ್ಸಾಲಿಡೇಟೆಡ್ ಕಂಪನಿಯನ್ನು ಒಂದು ಮಾತು ಕೇಳಿದರು. ಬೋಯಿಂಗ್‌ನವರ ಬಿ-17 ಬಾಂಬರ್ ಅನ್ನು ನೀವೂ ಮಾಡಿಕೊಡುತ್ತೀರಾ ಅಂತ. ಕಂಪನಿಯ ಮುಖ್ಯಸ್ಥ ರೂಬೆನ್ ಫ್ಲೀಟ್ ಮತ್ತು ಮುಖ್ಯ ಎಂಜಿನಿಯರ್ ಐಸಾಕ್ ಲ್ಯಾಡನ್ ಅದನ್ನು ಒಪ್ಪಲಿಲ್ಲ. ಅದಕ್ಕಿಂತ ಹೊಸದನ್ನು ನಾವೇ ಮಾಡುತ್ತೇವೆ ಅಂದರು. ಮಾರ್ಚ್ ಕೊನೆಗೆ ಒಪ್ಪಂದವಾಯಿತು. ಅದೇ ವರ್ಷ ಡಿಸೆಂಬರ್ 29ಕ್ಕೆ ಮೊದಲ ವಿಮಾನ ಹಾರಿತು. ಒಂಬತ್ತೇ ತಿಂಗಳು!

ಅಷ್ಟು ಬೇಗ ಆದದ್ದಕ್ಕೆ ಒಂದು ಕಾರಣ ರೆಕ್ಕೆ. ಡೇವಿಡ್ ಡೇವಿಸ್ ಎಂಬುವವರು ಉದ್ದನೆಯ, ಕಿರಿದಾದ ರೆಕ್ಕೆಯೊಂದನ್ನು ಯೋಚಿಸಿದ್ದರು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನ ಗಾಳಿ ಸುರಂಗದಲ್ಲಿ ಅದನ್ನು ಪರೀಕ್ಷಿಸಿದಾಗ ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ, ಉಪಕರಣವೇ ಕೆಟ್ಟಿರಬೇಕು ಅಂತ ಅಲ್ಲಿಯವರಿಗೆ ಅನುಮಾನ ಬಂತು. ಮತ್ತೆ ಪರೀಕ್ಷೆ ಮಾಡಿದರು. ಫಲಿತಾಂಶ ಬದಲಾಗಲಿಲ್ಲ. ಕಂಪನಿ ಈ ರೆಕ್ಕೆಯನ್ನು ಮೊದಲು ತನ್ನ ಒಂದು ನೀರಿನ ವಿಮಾನಕ್ಕೆ ಹಾಕಿ ನೋಡಿತ್ತು. ಅದನ್ನೇ ಬಾಂಬರ್‌ಗೂ ತಂದಿತು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಕೆಳಗೆ ದಪ್ಪ ಹೊಟ್ಟೆ, ಹಿಂದೆ ಎರಡು ಬಾಲ. ಬಾಂಬ್ ಇಡುವ ಜಾಗದ ಬಾಗಿಲು ಅಂಗಡಿಯ ರೋಲಿಂಗ್ ಶಟರ್ ಹಾಗೆ ಪಕ್ಕಕ್ಕೆ ಸುತ್ತಿಕೊಂಡು ಮೇಲೇರುತ್ತಿತ್ತು. ಹೊರಗೆ ಚಾಚುವ ಬಾಗಿಲು ಗಾಳಿಗೆ ಅಡ್ಡ ಬರುತ್ತದೆ, ಇಲ್ಲಿ ಆ ತೊಂದರೆ ಇರಲಿಲ್ಲ.

ಮೊದಲ ವಿಮಾನ ಕೇಳಿದಷ್ಟು ವೇಗ ಹೋಗಲಿಲ್ಲ. ಆಮೇಲೆ ಎಂಜಿನ್‌ಗಳಿಗೆ ಟರ್ಬೋ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಜೋಡಿಸಿದರು. ಎತ್ತರದ ತೆಳು ಗಾಳಿಯಲ್ಲೂ ಶಕ್ತಿ ಉಳಿಯಿತು. ಹೀಗೆ ತಿದ್ದುತ್ತಾ ತಿದ್ದುತ್ತಾ ‘ಡಿ’ ಬಂತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಮಾದರಿ ಅದು. ಅದರ ಮೂತಿ ಗಾಜಿನದು. ಒಳಗಿಂದ ಕೈಯಲ್ಲಿ ಹಿಡಿದು ಹೊಡೆಯುವ ಮಷಿನ್ ಗನ್ ಅಷ್ಟೇ.

ತೊಂದರೆ ಶುರುವಾದದ್ದು ಅಲ್ಲೇ. ಮುಂದಿನಿಂದ ಈ ವಿಮಾನಕ್ಕೆ ರಕ್ಷಣೆ ಕಡಿಮೆ ಅಂತ ಜರ್ಮನ್ ಮತ್ತು ಜಪಾನಿ ಪೈಲಟ್‌ಗಳಿಗೆ ಬೇಗ ಗೊತ್ತಾಯಿತು. ಅವರು ನೇರವಾಗಿ ಎದುರಿನಿಂದಲೇ ನುಗ್ಗತೊಡಗಿದರು. ಪೆಸಿಫಿಕ್‌ನಲ್ಲಿದ್ದ ಅಮೆರಿಕನ್ನರು ಕಾರ್ಖಾನೆಯಿಂದ ಉತ್ತರ ಬರಲಿ ಅಂತ ಕಾಯಲಿಲ್ಲ. ಬಾಲಕ್ಕೆ ಹಾಕುವ ತಿರುಗುವ ಗನ್ ಗೂಡನ್ನೇ, ಅಂದರೆ ಟರೆಟ್ ಅನ್ನು, ತಂದು ಮೂತಿಗೆ ಕೂರಿಸಿಕೊಂಡರು. ಅದು ಕೆಲಸ ಮಾಡಿತು. ಆಮೇಲೆ ಕಾರ್ಖಾನೆಗಳೂ ಅದೇ ದಾರಿ ಹಿಡಿದವು. ಎಮರ್ಸನ್ ಕಂಪನಿಯ, ವಿದ್ಯುತ್ತಿನಿಂದ ತಿರುಗುವ ಟರೆಟ್ ಮೂತಿಯಲ್ಲಿ ಬಂದದ್ದು ‘ಎಚ್’.

ಆದರೆ ಆ ಟರೆಟ್‌ಗಳು ಎಲ್ಲ ಕಾರ್ಖಾನೆಗೂ ಸಾಲುತ್ತಿರಲಿಲ್ಲ. ಹಾಗಾಗಿ 1943ರ ಬೇಸಿಗೆಯಲ್ಲಿ ಸ್ಯಾನ್ ಡಿಯಾಗೋದವರು ತಮ್ಮದೇ ಬಾಲದ ಟರೆಟ್ ಅನ್ನು ಮೂತಿಗೆ ಹಾಕಿದರು. ಜೊತೆಗೆ ಹೊಸ ಆಟೋಪೈಲಟ್, ಬಾಂಬ್‌ಗೆ ಗುರಿ ಹಿಡಿಯುವ ಹೊಸ ನಾರ್ಡನ್ ಬಾಂಬ್‌ಸೈಟ್ ಸೇರಿಸಿದರು. ಈ ಎರಡು ಯಂತ್ರಗಳು ಒಂದಕ್ಕೊಂದು ಕೂಡಿದ್ದವು. ಗುರಿಯ ಹತ್ತಿರ ಬಂದಾಗ ಬಾಂಬ್ ಹಾಕುವವನು ಗುರಿ ನೋಡುತ್ತಲೇ ವಿಮಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದಿತ್ತು. ಇದು ‘ಜೆ’. ಮುಂದಿನ ವರ್ಷ ಬೇರೆ ಕಾರ್ಖಾನೆಗಳಿಗೂ ಈ ಉಪಕರಣಗಳು ಸಿಕ್ಕವು. ಅವೂ ತಮ್ಮ ವಿಮಾನಕ್ಕೆ ಜೆ ಅಂತ ಕರೆಯಲು ಶುರು ಮಾಡಿದವು. ಅವುಗಳ ಮೂತಿಯಲ್ಲಿ ಎಮರ್ಸನ್ ಟರೆಟ್ ಹಾಗೇ ಉಳಿಯಿತು. ಎರಡು ಜೆಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಮೂತಿ ಬೇರೆ ಬೇರೆ ಕಾಣುವುದು ಇದಕ್ಕೇ. ಫೋಟೋ ನೋಡಿ ಎಚ್ ಯಾವುದು ಜೆ ಯಾವುದು ಅಂತ ಹೇಳಲು ಅನುಭವಿಗಳೂ ತಡವರಿಸುತ್ತಾರೆ.

ಹಾಗಾಗಿ ‘ಜೆ ಒಳ್ಳೆಯದಾ’ ಅನ್ನುವ ಪ್ರಶ್ನೆಗೆ ಹೌದು ಅಂತ ಸುಲಭವಾಗಿ ಹೇಳಲಾರೆ. ರಕ್ಷಣೆ ಜಾಸ್ತಿ, ಗುರಿ ಹೆಚ್ಚು ಸರಿಯಾಗಿ ಸಿಗುತ್ತಿತ್ತು. ಆದರೆ ಹಾರಾಟದಲ್ಲಿ ಹಳೆಯ ಡಿಯೇ ವಾಸಿ. ಎಂಜಿನ್ ಒಂದೊಂದರ ಶಕ್ತಿ ಡಿಯಲ್ಲೂ 1,200 ಅಶ್ವಶಕ್ತಿ, ಜೆಯಲ್ಲೂ ಅಷ್ಟೇ. ತೂಕ ಮಾತ್ರ ಏರುತ್ತಾ ಹೋಯಿತು. ಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 488 ಕಿಲೋಮೀಟರ್ ಇದ್ದದ್ದು ಜೆಯಲ್ಲಿ 467ಕ್ಕೆ ಇಳಿಯಿತು. ಮೂತಿ ಭಾರವಾಗಿ, ವಿಮಾನ ತಿರುಗಿಸುವ ಹಿಡಿಕೆಗಳು ಇನ್ನೂ ಬಿಗಿಯಾಗಿ, ಹಾರಿಸುವವರ ತೋಳು ಸೋಲುತ್ತಿತ್ತು. ನನ್ನ ಪ್ರಕಾರ ಈ ಅಕ್ಷರಗಳು ವಿಮಾನದ ಗುಣಕ್ಕಿಂತ ಹೆಚ್ಚಾಗಿ ಕಾರ್ಖಾನೆಯ ಕಥೆ ಹೇಳುತ್ತವೆ. ಯಾವ ಭಾಗ ಯಾವಾಗ ಸಿಕ್ಕಿತು, ಯಾರಿಗೆ ಸಿಕ್ಕಿತು ಅನ್ನುವ ಕಥೆ.

ಪ್ರಶ್ನೆ: ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಫೋರ್ಡ್ ಕಾರು ಕಂಪನಿ ಗಂಟೆಗೊಂದು ಬಾಂಬರ್ ಮಾಡುತ್ತಿತ್ತು ಅಂತ ನಮ್ಮ ಮೇಷ್ಟ್ರು ಹೇಳಿದರು. ಇದು ಸಾಧ್ಯವಾ ಸಾರ್? ಹೇಗೆ ಮಾಡಿದರು?

ಸಾಧ್ಯವಾಯಿತು. ಆದರೆ ಲೆಕ್ಕ ಸರಿಯಾಗಿ ನೋಡಬೇಕು. 1944ರ ಆಗಸ್ಟ್ ಒಂದೇ ತಿಂಗಳಲ್ಲಿ ಮಿಚಿಗನ್‌ನಲ್ಲಿದ್ದ ಫೋರ್ಡ್‌ನ ವಿಲೋ ರನ್ ಕಾರ್ಖಾನೆ 428 ಲಿಬರೇಟರ್‌ಗಳನ್ನು ಹೊರಗೆ ಕಳಿಸಿತು. ಹಗಲು ರಾತ್ರಿ ಎಲ್ಲ ಗಂಟೆಗಳಿಗೂ ಹಂಚಿದರೆ ಒಂದಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಬೀಳುತ್ತದೆ. ‘ಗಂಟೆಗೊಂದು’ ಅನ್ನುವುದು ಕಾರ್ಖಾನೆ ಕೆಲಸ ಮಾಡಿದ ಗಂಟೆಗಳ ಲೆಕ್ಕ. ಹಾಗಿದ್ದರೂ ಇದು ಅದ್ಭುತವೇ. ಒಂದು ವಿಮಾನದಲ್ಲಿ ಲಕ್ಷಗಟ್ಟಲೆ ಬಿಡಿಭಾಗ, ಲಕ್ಷಗಟ್ಟಲೆ ರಿವೆಟ್ ಇದ್ದವು ಅನ್ನುವುದನ್ನು ಮರೆಯಬೇಡಿ.

1941ರ ಜನವರಿಯಲ್ಲಿ ಫೋರ್ಡ್‌ನ ಉತ್ಪಾದನಾ ಮುಖ್ಯಸ್ಥ ಚಾರ್ಲ್ಸ್ ಸೊರೆನ್ಸನ್ ಸ್ಯಾನ್ ಡಿಯಾಗೋಗೆ ಹೋದರು. ಅಲ್ಲಿ ಕೊನೆಯ ಜೋಡಣೆ ನಡೆಯುತ್ತಿದ್ದದ್ದು ಬಯಲಲ್ಲಿ, ಬಿಸಿಲಲ್ಲಿ. ಬಿಸಿಲಿಗೆ ಉಕ್ಕಿನ ಚೌಕಟ್ಟು ಹಿಗ್ಗುತ್ತಿತ್ತು, ತಣ್ಣಗಾದರೆ ಕುಗ್ಗುತ್ತಿತ್ತು. ಒಂದು ವಿಮಾನದ ಭಾಗ ಇನ್ನೊಂದಕ್ಕೆ ಹಾಗೇ ಕೂರುತ್ತಿರಲಿಲ್ಲ. ಅನುಭವಿ ಕೆಲಸಗಾರ ಅರ ಹಿಡಿದು ಉಜ್ಜಿ ಕೂರಿಸಬೇಕಿತ್ತು. ಸೊರೆನ್ಸನ್ ಆ ರಾತ್ರಿ ಹೋಟೆಲ್ ಕೋಣೆಯಲ್ಲಿ ಕೂತು ಇಡೀ ಕಾರ್ಖಾನೆಯ ನಕ್ಷೆಯನ್ನು ಪೆನ್ಸಿಲ್‌ನಲ್ಲಿ ಗೀಚಿದರು. ವಿಮಾನವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವುದು. ಪ್ರತಿ ತುಂಡನ್ನೂ ಒಂದೇ ಅಳತೆಗೆ ಮಾಡುವುದು. ಕೊನೆಗೆ ಸಾಲಾಗಿ ಜೋಡಿಸುವುದು. ಕಟ್ಟಡದ ವಿನ್ಯಾಸ ಆಲ್ಬರ್ಟ್ ಕಾನ್ ಅವರದ್ದು. ಹೆನ್ರಿ ಫೋರ್ಡ್‌ರ ಹೊಲವಿದ್ದ ಜಾಗದಲ್ಲಿ ಅದು ಎದ್ದಿತು.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಎಂಜಿನಿಯರಿಂಗ್ ಓದುವ ನಿಮಗೆ ಮುಂದಿನದ್ದು ಮುಖ್ಯ.

1942 ಪೂರ್ತಿ ಮುಗಿದಾಗ ವಿಲೋ ರನ್‌ನಿಂದ ಹೊರಬಂದಿದ್ದದ್ದು 56 ವಿಮಾನ ಮಾತ್ರ. ದೇಶವೆಲ್ಲ ಬೈಯುತ್ತಿತ್ತು. ಯಾಕೆ ಹೀಗಾಯಿತು? ಕಾರಿನವರ ಪದ್ಧತಿ ಗಟ್ಟಿ ಉಕ್ಕಿನ ಡೈ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು, ಮಾಡಿಸುವುದು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ದುಡ್ಡೂ ಜಾಸ್ತಿ. ಒಮ್ಮೆ ಮಾಡಿದ ಮೇಲೆ ಸಾವಿರಾರು ತುಂಡು ಒಂದೇ ಥರ ಒತ್ತಬಹುದು. ಕಾರಿಗೆ ಇದು ಸರಿ, ಅಲ್ವಾ? ವರ್ಷಪೂರ್ತಿ ಮಾದರಿ ಬದಲಾಗುವುದಿಲ್ಲ. ಆದರೆ ಬಾಂಬರ್ ಪ್ರತಿ ವಾರ ಬದಲಾಗುತ್ತಿತ್ತು. ಯುದ್ಧಭೂಮಿಯಿಂದ ಸುದ್ದಿ ಬರುವುದು, ಸೇನೆ ಬದಲಾವಣೆ ಕೇಳುವುದು, ಮಾಡಿಟ್ಟ ಡೈ ಮೂಲೆಗೆ ಹೋಗುವುದು. ವಿಮಾನ ಕಂಪನಿಗಳು ಬಳಸುತ್ತಿದ್ದ ಮೆತ್ತನೆಯ ಲೋಹದ ಡೈಗಳನ್ನು ಬೇಗ ಬದಲಾಯಿಸಬಹುದಿತ್ತು, ಆದರೆ ಅವು ಬೇಗ ಸವೆಯುತ್ತಿದ್ದವು. ಎರಡೂ ಕಡೆಯವರು ತಮ್ಮದೇ ಸರಿ ಅಂದರು. ಇದರ ಮೇಲೆ ಜನರ ಸಮಸ್ಯೆ. ಕೆಲಸಗಾರರಿಗೆ ಹತ್ತಿರದಲ್ಲಿ ಮನೆಗಳೇ ಇರಲಿಲ್ಲ. ಸೇರಿದವರು ಬಿಟ್ಟು ಹೋಗುತ್ತಿದ್ದರು.

ಪರಿಹಾರ ಎರಡು ಕಡೆಯಿಂದ ಬಂತು. ಬದಲಾವಣೆಗಳನ್ನು ಬಂದ ಹಾಗೆಲ್ಲ ಸಾಲಿನೊಳಗೆ ತುರುಕುವುದನ್ನು ನಿಲ್ಲಿಸಿದರು. ಒಂದಷ್ಟು ವಿಮಾನಗಳನ್ನು ಒಂದು ‘ಬ್ಲಾಕ್’ ಅಂತ ಲೆಕ್ಕ ಹಾಕಿ, ಆ ಬ್ಲಾಕ್ ಮುಗಿಯುವವರೆಗೆ ವಿನ್ಯಾಸ ಮುಟ್ಟುವುದಿಲ್ಲ ಅಂತ ಮಾಡಿಕೊಂಡರು. ಬದಲಾವಣೆ ಏನಿದ್ದರೂ ಮುಂದಿನ ಬ್ಲಾಕ್‌ಗೆ. ಅಷ್ಟು ತಡೆಯಲಾಗದ ತುರ್ತು ಕೆಲಸಕ್ಕೆ ಬೇರೆ ಮಾರ್ಪಾಡು ಕೇಂದ್ರಗಳಿದ್ದವು. ವಿಲೋ ರನ್‌ನ ಹೊಸ ವಿಮಾನಗಳು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹಾರಿ, ಅಲ್ಲಿ ತಿದ್ದಿಸಿಕೊಂಡು ಯುದ್ಧಕ್ಕೆ ಹೋಗುತ್ತಿದ್ದವು. ಕಾರ್ಖಾನೆಗೆ ಸ್ಥಿರತೆ ಬೇಕು, ಯುದ್ಧಕ್ಕೆ ಬದಲಾವಣೆ ಬೇಕು. ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಟ್ಟದ್ದೇ ಜಾಣತನ. ಈ ಕಾರ್ಖಾನೆಯ ನಿಜವಾದ ಪಾಠ ಅಸೆಂಬ್ಲಿ ಲೈನ್ ಅಲ್ಲ, ಇದು ಅಂತ ನನಗನ್ನಿಸುತ್ತದೆ.

ವಿಮಾನದ ಪೂರ್ತಿ ಹೆಸರಿನಲ್ಲೇ ಇದೆಲ್ಲ ಇದೆ. ಉದಾಹರಣೆಗೆ ಬಿ-24ಎಲ್-20-ಎಫ್‌ಒ. ಎಲ್ ಮಾದರಿ, 20ನೇ ಬ್ಲಾಕ್, ಫೋರ್ಡ್ ಕಾರ್ಖಾನೆ. ಸಿಒ ಇದ್ದರೆ ಸ್ಯಾನ್ ಡಿಯಾಗೋ, ಸಿಎಫ್ ಇದ್ದರೆ ಅದೇ ಕಂಪನಿಯ ಫೋರ್ಟ್ ವರ್ತ್, ಡಿಟಿ ಇದ್ದರೆ ಟಲ್ಸಾದ ಡಗ್ಲಸ್, ಎನ್‌ಟಿ ಇದ್ದರೆ ಡಲ್ಲಾಸ್‌ನ ನಾರ್ತ್ ಅಮೆರಿಕನ್. ಐದೂ ಕಡೆ ತಯಾರಾದ ಮಾದರಿ ಜೆ. ಒಟ್ಟು 6,678. ಅದರಲ್ಲಿ ಸ್ಯಾನ್ ಡಿಯಾಗೋ 2,792, ಫೋರ್ಡ್ 1,587, ಫೋರ್ಟ್ ವರ್ತ್ 1,558, ಡಲ್ಲಾಸ್ 536, ಟಲ್ಸಾ 205. ಎಲ್ಲ ಮಾದರಿ ಸೇರಿದರೆ ಲಿಬರೇಟರ್ 18 ಸಾವಿರ ದಾಟುತ್ತದೆ. ಫೋರ್ಡ್ ಪೂರ್ತಿ ಮಾಡಿದ್ದು 6,792. ಇನ್ನೂ 1,893 ವಿಮಾನಗಳನ್ನು ಬಿಡಿಭಾಗವಾಗಿಯೇ ಟ್ರಕ್‌ಗಳಲ್ಲಿ ತುಂಬಿ ಫೋರ್ಟ್ ವರ್ತ್‌ಗೂ ಟಲ್ಸಾಗೂ ಕಳಿಸಿತು.

ಪ್ರಶ್ನೆ: ಬಿ-17 ಮತ್ತು ಬಿ-24, ಯಾವುದು ಮೇಲು?

ಬಿ-24 ಜಾಸ್ತಿ ದೂರ ಹೋಗುತ್ತಿತ್ತು. ಅಟ್ಲಾಂಟಿಕ್ ಸಾಗರದ ನಡುವೆ ಜರ್ಮನ್ ಸಬ್‌ಮೆರಿನ್‌ಗಳನ್ನು ಬೇಟೆಯಾಡಲು, ಬಂಗಾಳದಿಂದ ಬರ್ಮಾ ಮತ್ತು ಥಾಯ್ಲೆಂಡ್ ತಲುಪಲು ಅದೇ ಬೇಕಿತ್ತು. ಬಿ-17 ಹಾರಿಸಲು ಸುಲಭ, ಇನ್ನೂ ಎತ್ತರಕ್ಕೆ ಹೋಗುತ್ತಿತ್ತು, ಏಟು ತಿಂದರೂ ಮನೆಗೆ ಬರುತ್ತಿತ್ತು. ಯುರೋಪಿನ ಮೇಲೆ ಹಾರುವುದಾದರೆ ನಾನು ಬಿ-17 ಆರಿಸುತ್ತಿದ್ದೆ. ಸಮುದ್ರದ ಮೇಲಾದರೆ ಬಿ-24.

ಪ್ರಶ್ನೆ: ನಮ್ಮ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದರು. ಗುಜರಿ ಸೇರಿದ್ದ ಬಾಂಬರ್‌ಗಳನ್ನು ನಾವು ಎತ್ತಿ ಹಾರಿಸಿದೆವು ಅಂತ ಹೇಳುತ್ತಿದ್ದರು. ಮಕ್ಕಳಾದ ನಾವು ನಂಬುತ್ತಿರಲಿಲ್ಲ. ಇದು ನಿಜವಾ?

ಪೂರ್ತಿ ನಿಜ. ದಯವಿಟ್ಟು ನಂಬಿ.

ಅಮೆರಿಕವು ಬ್ರಿಟನ್‌ಗೆ ಈ ವಿಮಾನಗಳನ್ನು ಕೊಟ್ಟಿದ್ದದ್ದು ಲೆಂಡ್-ಲೀಸ್ ಒಪ್ಪಂದದಲ್ಲಿ. ಯುದ್ಧ ಮುಗಿದ ಮೇಲೆ ವಾಪಸ್ ಕೊಡಬೇಕು, ಇಲ್ಲವೇ ಹಾಳು ಮಾಡಬೇಕು. ಭಾರತದಲ್ಲಿದ್ದ ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿಗೆ ತಂದು ನಿಲ್ಲಿಸಿದರು. ಮತ್ತೆ ಯಾರೂ ಹಾರಿಸಬಾರದು ಅಂತ ಬ್ರಿಟಿಷ್ ಸಿಬ್ಬಂದಿ ಅವುಗಳನ್ನು ಕೆಡಿಸಿದರು. ಮೈಗೆ ತೂತು ಹೊಡೆದರು, ಎಂಜಿನ್‌ಗಳಿಗೆ ಮರಳು ಸುರಿದರು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಭಾರಿ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಕಣ್ಣು ಆ ರಾಶಿಯ ಮೇಲೆ ಬಿತ್ತು.

ಕೆಲಸ ಬಂದದ್ದು ಬೆಂಗಳೂರಿಗೆ. ಅದು ಸುಮ್ನೆ ಬಂದದ್ದಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ನಡೆಸಲು ತೆಗೆದುಕೊಂಡಿತ್ತು. ಯುದ್ಧ ಮುಗಿಯುವವರೆಗೂ ಅಮೆರಿಕದ ವಿಮಾನಗಳ ರಿಪೇರಿ ಅಲ್ಲಿ ನಡೆಯಿತು. ನಮ್ಮ ಕೆಲಸಗಾರರ ಕೈ ಆ ಎಂಜಿನ್‌ಗಳ ಮೇಲೆ ಆಗಲೇ ಓಡಾಡಿತ್ತು.

ಕಾನ್ಪುರಕ್ಕೆ ಹೋದ ತಂಡ ರಾಶಿಯಲ್ಲಿ ವಾಸಿ ಎನಿಸಿದ ವಿಮಾನಗಳನ್ನು ಆರಿಸಿತು. ಒಂದರ ಎಂಜಿನ್, ಇನ್ನೊಂದರ ಚಕ್ರ, ಮತ್ತೊಂದರ ಮೀಟರ್, ಹೀಗೆ ಸೇರಿಸಿ ಒಂದು ಸಲ ಹಾರುವಷ್ಟು ಸರಿ ಮಾಡುತ್ತಿದ್ದರು. ಆಮೇಲೆ ಎಚ್‌ಎಎಲ್‌ನ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ ಅದನ್ನು ಬೆಂಗಳೂರಿಗೆ ಹಾರಿಸಿಕೊಂಡು ಬರುತ್ತಿದ್ದರು. ಎಂಥ ಧೈರ್ಯ ನೋಡಿ! ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ, ತೊಳೆದು, ರಿಪೇರಿ ಮಾಡಿ ಕೊಡುತ್ತಿದ್ದರು. ಇದಕ್ಕೆ ಐದು ಕಾರ್ಖಾನೆಗಳೂ ಒಂದೇ ಅಳತೆಗೆ ಭಾಗ ಮಾಡಲು ಪಟ್ಟ ಕಷ್ಟವೂ ಕಾರಣ ಅಂತ ನಾನು ನಂಬುತ್ತೇನೆ. ಪ್ರತಿ ಭಾಗವನ್ನೂ ಅರದಿಂದ ಉಜ್ಜಿ ಕೂರಿಸಿದ ವಿಮಾನವಾಗಿದ್ದರೆ ಒಂದರದ್ದು ಇನ್ನೊಂದಕ್ಕೆ ಇಷ್ಟು ಸಲೀಸಾಗಿ ಕೂರುತ್ತಿರಲಿಲ್ಲ.

1948ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಶುರುವಾಯಿತು. ಆಮೇಲೆ 6ನೇ ಸ್ಕ್ವಾಡ್ರನ್ ಅವುಗಳನ್ನು ಸಮುದ್ರ ಕಾಯಲು ಬಳಸಿತು. 1968ರ ಕೊನೆಗೆ ನಿವೃತ್ತಿ. ಅಮೆರಿಕದಲ್ಲಿ ಅಷ್ಟರೊಳಗೆ ಹೆಚ್ಚುಕಮ್ಮಿ ಎಲ್ಲವನ್ನೂ ಕರಗಿಸಿ ಅಲ್ಯೂಮಿನಿಯಂ ಮಾಡಿದ್ದರು. ಹಾಗಾಗಿ ಮ್ಯೂಸಿಯಂಗಳು ನಮ್ಮ ಕಡೆ ತಿರುಗಿದವು. ಕೆನಡಾದ ಒಟ್ಟಾವಾದಲ್ಲಿರುವುದು, ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿರುವುದು, ಬ್ರಿಟಿಷ್ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಂನಲ್ಲಿರುವುದು, ಎಲ್ಲವೂ ಭಾರತದಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಹತ್ತಿರವಿರುವ ಜೆ 1944ರಲ್ಲಿ ಫೋರ್ಟ್ ವರ್ತ್‌ನಲ್ಲಿ ತಯಾರಾದದ್ದು. ಅದೂ ನಮ್ಮ ವಾಯುಪಡೆಯಲ್ಲಿ 1968ರವರೆಗೆ ಇತ್ತು. ಮೇಲೆ ಉದಾಹರಣೆ ಕೊಟ್ಟ ಬಿ-24ಎಲ್-20-ಎಫ್‌ಒ ಆರ್‌ಎಎಫ್ ಮ್ಯೂಸಿಯಂನದ್ದೇ. ನಮ್ಮ ವಾಯುಪಡೆ ಅದನ್ನು 1974ರಲ್ಲಿ ಉಡುಗೊರೆಯಾಗಿ ಕೊಟ್ಟಿತು.

ನಮ್ಮ ದೇಶದಲ್ಲೂ ಒಂದು ಉಳಿದಿದೆ, ದೆಹಲಿಯ ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ. ನಿಮ್ಮ ತಂದೆಯವರ ಹಳೆಯ ಫೋಟೋ, ಪಾಸ್, ಸರ್ವಿಸ್ ಪುಸ್ತಕ ಏನಾದರೂ ಮನೆಯಲ್ಲಿದ್ದರೆ ಜೋಪಾನವಾಗಿಡಿ. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್‌ನದ್ದೇ ಮ್ಯೂಸಿಯಂ ಇದೆ, ಅಲ್ಲಿಯವರಿಗೆ ಒಮ್ಮೆ ತೋರಿಸಿ.